ಕೇಳ್ರಿ, ಹೇಳ್ತೀವಿ: ಮಂತ್ರಿ ಮುಂದೆ ತಂಬೂರಿ

ಬೆಳಗಾವಿ ಅಧಿವೇಶನ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳೂ ಅತ್ತ ಕಡೆಗೇ ವಾಲುತ್ತವೆ. ಈ ಸಲ ಬರೆದವರಲ್ಲಿ ಹೆಚ್ಚಿನವರು ಹಾಡುವವರು, ಬಾರಿಸುವವರು, ಇಲ್ಲವೇ ಅವರನ್ನು ಮುಂದೆ ಮಾಡಿಕೊಂಡು ರಾಜಕಾರಣಿಗಳನ್ನು ಕಾಣಲು ಹೋಗುವವರು.

ನಮ್ಮ ಭಾಗದ ಹೆಸರಾಂತ ಗಾಯಕರನ್ನ ಕರಕೊಂಡು ಹೋದ ವರ್ಷ ಮಂತ್ರಿಗಳನ್ನ ಕಂಡಿದ್ವಿ. ಬೇಡಿಕೆ ಮೂರು: ಕಲಾವಿದರ ಮಾಸಾಶನದ ಬಾಕಿ, ಬಸ್ ಪಾಸು, ಸಂಗೀತ ಶಾಲಿಗೆ ಜಾಗಾ. ಪೇಪರಿನಾಗ ಫೋಟೋ ಬಂತು, ಕೆಲಸ ಆಗಲಿಲ್ಲ. ಎಲ್ಲಿ ತಪ್ಪೇತ್ರಿ?
– ಕಲಾವಿದರ ಸಂಘದ ಕಾರ್ಯದರ್ಶಿ, ಅಥಣಿ

ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಟ್ಟಿದ್ದರೆ ಕೆಲಸ ಕೆಟ್ಟದ್ದು ಅಲ್ಲೇ. ಮಾಸಾಶನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು. ಬಸ್ ಪಾಸು ಸಾರಿಗೆಯವರದು. ಜಾಗ ಕಂದಾಯದ್ದೋ ಸ್ಥಳೀಯ ಸಂಸ್ಥೆಯದ್ದೋ ಎಂಬುದು ಜಾಗದ ಉತಾರ (ಪಹಣಿ) ತೆಗೆಸಿದ ಮೇಲೆಯೇ ಗೊತ್ತಾಗುವಂಥದ್ದು. ಮೂರೂ ಸೇರಿದ ಪತ್ರ ಮೊದಲ ಇಲಾಖೆಯ ಟೇಬಲ್ಲಿಗೆ ಹೋಗುತ್ತದೆ. ಅಲ್ಲಿನ ವಿಷಯ ನಿರ್ವಾಹಕರು ತಮ್ಮ ಪಾಲಿನದಕ್ಕೆ ಒಂದು ಉತ್ತರ ಬರೆದು, ಉಳಿದದ್ದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಕಡತ ಮುಗಿಸುತ್ತಾರೆ. ಹಾಗಾಗಿ ಒಂದು ಹಾಳೆಗೆ ಒಂದೇ ಬೇಡಿಕೆ. ಹಾಳೆ ಮೂರಾದರೆ ಆಗಲಿ.

ಒಳಗೆ ಬರೆಯಬೇಕಾದ್ದು ಸ್ವಲ್ಪ: ಏನಾಗಿದೆ, ಏನಾಗಬೇಕು, ಅರ್ಜಿ ಈಗ ಯಾವ ಕಚೇರಿಯಲ್ಲಿ ಯಾವ ನಂಬರಿನಲ್ಲಿ ನಿಂತಿದೆ. ‘ಅನೇಕ ಬಡ ಕಲಾವಿದರಿಗೆ ಮಾಸಾಶನ ಬಂದಿಲ್ಲ’ ಎಂಬ ವಾಕ್ಯ ಭಾಷಣಕ್ಕಾದರೆ ನಡೆದೀತು. ಕಡತಕ್ಕೆ ಬೇಕಾದದ್ದು ಹೆಸರು, ಮಂಜೂರಾತಿ ಆದೇಶದ ಸಂಖ್ಯೆ, ಹಣ ನಿಂತ ತಿಂಗಳು, ಬ್ಯಾಂಕ್ ಖಾತೆಯ ಸ್ಥಿತಿ. ಈ ಪಟ್ಟಿ ಮಾಡಲು ಕೂತಾಗಲೇ ಅರ್ಧ ಹೆಸರು ಕಳಚಿಹೋಗುವ ಸಂಭವವಿದೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಖಾತೆ ನಿಷ್ಕ್ರಿಯವಾಗಿದೆ ಎಂಬಂಥ ತೊಡಕುಗಳಿಗೆ ಮಂತ್ರಿ ಬೇಕಿಲ್ಲ. ಬ್ಯಾಂಕಿನಲ್ಲೂ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಕಚೇರಿಯಲ್ಲೂ ಮುಗಿಯುತ್ತವೆ. ನಿಜವಾಗಿ ಮೇಲೆ ಸಿಕ್ಕಿಕೊಂಡ ಪ್ರಕರಣಗಳನ್ನಷ್ಟೇ ಮೇಲಕ್ಕೆ ಒಯ್ಯಿರಿ.

ಒಳಗೆ ಹೋಗುವ ದಾರಿ. ಮಂತ್ರಿಗಳು ಜಿಲ್ಲೆಗೆ ಬರುವ ಮುಂಚೆ ಅವರ ಪ್ರವಾಸ ಕಾರ್ಯಕ್ರಮ ಜಿಲ್ಲಾಡಳಿತಕ್ಕೆ ಬಂದಿರುತ್ತದೆ. ವಾಸ್ತವ್ಯ ಎಲ್ಲಿ, ಎಷ್ಟಕ್ಕೆ ಹೊರಡುತ್ತಾರೆ ಎಂಬುದು ಅದರಲ್ಲೇ ಇರುತ್ತದೆ. ಆಪ್ತ ಕಾರ್ಯದರ್ಶಿಗೆ ಒಂದು ವಾರ ಮುಂಚೆ ಪತ್ರ, ಹಿಂದಿನ ಸಂಜೆ ಒಂದು ಫೋನು. ಸುವರ್ಣ ವಿಧಾನಸೌಧದ ಒಳಗೇ ಭೇಟಿ ಎಂದಾದರೆ ಶಾಸಕರ ಅಥವಾ ಮಂತ್ರಿಗಳ ಕಚೇರಿಯಿಂದ ಪಾಸು ಮಾಡಿಸಬೇಕು. ಪಾಸಿನ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಲಿ. ಊರೆಲ್ಲ ‘ಬುವಾ’ ಎಂದು ಕರೆಯುವ ಗಾಯಕರ ಆಧಾರ್‌ನಲ್ಲಿ ಬೇರೆಯೇ ಹೆಸರಿರುತ್ತದೆ. ಸಂಘದವರು ಅಭಿಮಾನದಿಂದ ಬುವಾ ಅಂತಲೇ ಬರೆದು ಕೊಡುತ್ತಾರೆ, ಗೇಟಿನಲ್ಲಿ ಬಿಸಿಲಿಗೆ ನಿಲ್ಲುವುದು ಬುವಾ ಒಬ್ಬರೇ. ಆ ದಿನ ಸದನದ ಪ್ರಶ್ನೋತ್ತರದಲ್ಲಿ ಆ ಇಲಾಖೆಯ ಪ್ರಶ್ನೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇದ್ದರೆ ಅಷ್ಟು ಹೊತ್ತು ಅವರು ಯಾರಿಗೂ ಸಿಗುವುದಿಲ್ಲ. ಸೌಧದ ಹತ್ತಿರದ ಕೊಂಡಸಕೊಪ್ಪದ ಟೆಂಟಿನಲ್ಲಿ ಧರಣಿ ಕೂತು ಮನವಿ ಕೊಡುವುದು ಬೇರೆ ಬಾಬತ್ತು. ಅಲ್ಲಿ ಮಂತ್ರಿಗಳು ಬಂದು ಸ್ವೀಕರಿಸಿದರೂ ಕೂತು ಮಾತಾಡುವ ವ್ಯವಧಾನ ಇರುವುದಿಲ್ಲ.

ಹೋಗುವವರು ಐದು ಜನ ಸಾಕು. ಸಿಗುವುದು ಮೂರು ನಿಮಿಷ ಎಂದೇ ಲೆಕ್ಕ ಹಾಕಿ. ಹೆಸರಾಂತ ಗಾಯಕರು ಒಂದು ಮಾತು ಆಡಲಿ, ಕಾಗದ ವಿವರಿಸುವವರು ಬೇರೆಯವರಿರಲಿ. ಗಾಯಕರಿಗೇ ಆದೇಶದ ನಂಬರು ಹೇಳಲು ಹಚ್ಚಿದರೆ ಅವರು ತಡವರಿಸುತ್ತಾರೆ, ಮಂತ್ರಿಗಳು ಸಂಕೋಚದಿಂದ ‘ಮಾಡೋಣ್ರಿ’ ಅನ್ನುತ್ತಾರೆ, ಎಲ್ಲರೂ ಫೋಟೋಕ್ಕೆ ನಿಲ್ಲುತ್ತಾರೆ.

ಇನ್ನು ಅರ್ಜಿಯ ಮೂಲೆಯಲ್ಲಿ ಮಂತ್ರಿಗಳು ಬರೆಯುವ ಷರಾ. ಅದನ್ನೇ ಮಂಜೂರಾತಿ ಎಂದು ತಿಳಿದು ಪೇಢೆ ಹಂಚಿದವರಿದ್ದಾರೆ. ‘ನಿಯಮಾನುಸಾರ ಪರಿಶೀಲಿಸಿ’ ಎಂದರೆ ನಿಯಮದಲ್ಲಿದ್ದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಮಂತ್ರಿಗಳು ಕೂಡಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ. ‘ಕಡತ ಮಂಡಿಸಿ’ ಎಂದಿದ್ದರೆ ವಜನು ಹೆಚ್ಚು, ಏಕೆಂದರೆ ಇಲಾಖೆ ಅದನ್ನು ಟಿಪ್ಪಣಿ ಸಮೇತ ಅವರ ಮುಂದೆ ತಿರುಗಿ ಇಡಬೇಕಾಗುತ್ತದೆ. ಷರಾ ಬಿದ್ದ ಪ್ರತಿಯನ್ನು ಅಲ್ಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ನಿಮ್ಮ ಫೋಟೋಕ್ಕಿಂತ ಅದು ಮುಖ್ಯ. ಮರುದಿನವೇ ಟಪಾಲು ವಿಭಾಗದಲ್ಲಿ ಇನ್ನೊಂದು ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ, ಕಡತ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ಆ ಸಂಖ್ಯೆ ಹಾಕಿ 10 ರೂಪಾಯಿಯ ಪೋಸ್ಟಲ್ ಆರ್ಡರಿನೊಂದಿಗೆ ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಅದು 150 ಪದದೊಳಗಿರಬೇಕು, ಒಂದೇ ವಿಷಯದ್ದಾಗಿರಬೇಕು. ಉತ್ತರಕ್ಕೆ 30 ದಿನ.

ಸಂಗೀತ ಸಮಾರಂಭಕ್ಕ ದೊಡ್ಡ ಗಾಯಕರೂ ಬರ್ತಾರ, ಮಂತ್ರಿಗಳೂ ಬರ್ತಾರ. ಸತ್ಕಾರ ಯಾವಾಗ ಇಟಕೋಬೇಕ್ರಿ? ಹೋದ ಸಲ ವಿಲಂಬಿತ್ (ನಿಧಾನ ಲಯದ ಹಾಡು) ನಡದಾಗ ಮಂತ್ರಿಗಳು ಬಂದ್ರು, ಹಾಡು ನಿಲ್ಲಿಸಬೇಕಾತು.
– ಸಂಗೀತ ಸಭಾದ ಸಂಚಾಲಕ, ಮುಧೋಳ

ಗಾಯನದ ಹೊಟ್ಟೆ ಸೀಳಿ ಸತ್ಕಾರ ಇಡುವುದು ಎಲ್ಲಕ್ಕಿಂತ ಕೆಟ್ಟ ವ್ಯವಸ್ಥೆ. ಅರ್ಧ ತಾಸು ಬೆಳೆಸಿದ ರಾಗ ಹಾರ ಹಾಕಿದ ಮೇಲೆ ಅದೇ ಜಾಗದಿಂದ ಮತ್ತೆ ಏಳುವುದಿಲ್ಲ. ಮಂತ್ರಿ ತಡವಾಗುತ್ತಾರೆ ಎಂದು ಮೊದಲೇ ಒಪ್ಪಿಕೊಂಡು ಕಾರ್ಯಕ್ರಮ ಕಟ್ಟಿ. ಕರೆಯೋಲೆಯ ಸಮಯಕ್ಕೆ ಸರಿಯಾಗಿ ವಿದ್ಯಾರ್ಥಿಗಳ ಹಾಡು, ತಬಲಾ ಸೋಲೋ ಮುಂತಾಗಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದದ್ದನ್ನು ಹಚ್ಚಿ. ಮಂತ್ರಿ ಬಂದ ಕೂಡಲೇ ದೀಪ, ನಾಡಗೀತೆ, ಸತ್ಕಾರ, ಭಾಷಣ. ಆಮೇಲೆ ಮುಖ್ಯ ಗಾಯನ. ಮಂತ್ರಿಗಳು ಕೂತು ಕೇಳಿದರೆ ಸಂತೋಷ, ಎದ್ದು ಹೋದರೆ ಗಾಯನಕ್ಕೆ ಕುಂದಿಲ್ಲ. ಇಂತಿಷ್ಟು ಗಂಟೆಯ ಮೇಲೆ ಮಂತ್ರಿ ಬಂದರೆ ಸಭಿಕರ ಮೊದಲ ಸಾಲಿನಲ್ಲಿ ಕೂರುತ್ತಾರೆ, ಸತ್ಕಾರ ಗಾಯನ ಮುಗಿದ ಮೇಲೆ ಎಂದು ಆಪ್ತ ಕಾರ್ಯದರ್ಶಿಗೆ ಮೊದಲೇ ತಿಳಿಸಿ. ಮುಂಚೆ ಹೇಳಿದರೆ ಒಪ್ಪುತ್ತಾರೆ, ಬಾಗಿಲಲ್ಲಿ ಹೇಳಿದರೆ ಅವಮಾನ ಅನ್ನುತ್ತಾರೆ. ಬಯಲಿನ ಪೆಂಡಾಲಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್ ಎಂಬುದೂ ನೆನಪಿರಲಿ; ಮಂತ್ರಿ ಎರಡು ತಾಸು ತಡವಾದರೆ ಆ ಎರಡು ತಾಸು ಕೈಬಿಡುವುದು ಗಾಯಕರ ಪಾಲಿನಿಂದಲೇ.

ವೇದಿಕೆಯ ಮಟ್ಟಿಗೆ ಒಂದು ಮಾತು. ಖುರ್ಚಿ ಸಾಲು ಎತ್ತಿ ಜಮಖಾನೆ ಹಾಸಲು ಹದಿನೈದು ನಿಮಿಷ ಬೇಕು. ಆ ಗಲಾಟೆಯಲ್ಲಿ ಶ್ರುತಿ ಕೂಡುವುದಿಲ್ಲ. ಜಾಗವಿದ್ದರೆ ಎಡಕ್ಕೆ ಭಾಷಣದ ಪೀಠ, ಬಲಕ್ಕೆ ಗಾಯಕರು ಕೂರುವ ಬೈಠಕ್ ಎಂದು ಮೊದಲೇ ಎರಡು ಮಾಡಿ; ಮೈಕಿನ ತಂತಿಯೂ ಬೇರೆ ಬೇರೆ ಇರಲಿ. ಭಾಷಣಕ್ಕೆ ಏರಿಸಿದ ಮೈಕನ್ನೇ ಗಾಯಕರ ಮುಂದೆ ಇಟ್ಟರೆ ಮೊದಲ ಸ್ವರಕ್ಕೇ ಕಿಂಯ್ ಎನ್ನುತ್ತದೆ. ವಾದ್ಯಗಳನ್ನು ದೀಪದ ಬೆಳಕಿನಡಿ ತಾಸುಗಟ್ಟಲೆ ಕಾಯಿಸಬೇಡಿ. ಬಿಸಿಗೆ ತಂಬೂರಿಯ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಅದೇ ಬಿಸಿಗೆ ತಬಲಾದ ಚರ್ಮ ಒಣಗಿ ಬಿಗಿದು ಏರುತ್ತದೆ. ಒಂದು ಇಳಿದು ಒಂದು ಏರಿದ ಮೇಲೆ ಗಾಯಕರು ‘ಸಾ’ ಹಚ್ಚುವುದೆಲ್ಲಿ? ಸತ್ಕಾರದ ಹೊತ್ತಿಗೆ ವಾದ್ಯಗಳಿಗೆ ಗವಸು ಹಾಕಿ ಪರದೆ ಹಿಂದೆ ಇಡಿಸಿ. ಮಿಂಚುಕಾಗದ ಹಾರಿಸುವ ಬಂದೂಕು ಬೇಡವೇ ಬೇಡ. ತಬಲಾ ಬಿಗಿಯುವ ಚರ್ಮದ ಪಟ್ಟಿಯ (ಬದ್ಧಿ) ಸಂದಿಯಲ್ಲಿ ಸೇರಿದ ಚೂರು ವಾರವಾದರೂ ಹೋಗುವುದಿಲ್ಲ.

ಹಾಡಕ್ಕ ಕೂತ ಕಲಾವಿದರು ಮಂತ್ರಿ ಬಂದಾಗ ಎದ್ದು ನಿಲ್ಲಬೇಕೇನ್ರಿ?
– ಸಂಗೀತ ಶಿಕ್ಷಕಿ, ವಿಜಯಪುರ

ಬೇಕಿಲ್ಲ. ಹಾಡುತ್ತಿದ್ದರಂತೂ ಖಂಡಿತ ಬೇಕಿಲ್ಲ. ಏಳಬೇಕಾದದ್ದು 52 ಸೆಕೆಂಡಿನ ರಾಷ್ಟ್ರಗೀತೆಗೆ, ಮತ್ತು ನಾಡಗೀತೆಗೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ಏಳುವ ಮುಂಚೆ ತಂಬೂರಿಯನ್ನು ಮೆತ್ತಗೆ ಮಲಗಿಸಲು ನಿರೂಪಕರು ಹತ್ತು ಸೆಕೆಂಡು ಕೊಟ್ಟರೆ ಉಪಕಾರ.

ಈ ಪ್ರಶ್ನೆ ನಿಮ್ಮ ಊರಿನಿಂದಲೇ ಬಂದದ್ದು ಚೆನ್ನಾಯಿತು, ಏಕೆಂದರೆ ನಾನೂರು ವರ್ಷದ ಹಿಂದೆ ಇಂಥದ್ದೇ ಪ್ರಶ್ನೆ ಕೇಳಿದ್ದೂ ಅಲ್ಲಿಯ ದೊರೆಯೇ. ಅಕ್ಬರನ ರಾಯಭಾರಿ ಅಸದ್ ಬೇಗ್ 1603–04ರಲ್ಲಿ ವಿಜಯಪುರಕ್ಕೆ ಬಂದಿದ್ದ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಮಗಳನ್ನು ಮೊಗಲ್ ರಾಜಕುಮಾರ ದಾನಿಯಾಲನಿಗೆ ಮದುವೆ ಮಾಡಿಸಲು ಕರೆದೊಯ್ಯುವುದು ಅವನ ಕೆಲಸ. ಇಬ್ರಾಹಿಂ ಸಂಗೀತದಲ್ಲಿ ಎಷ್ಟು ಮುಳುಗಿದ್ದನೆಂದರೆ ರಾಯಭಾರಿಯ ಮಾತಿಗೆ ಉತ್ತರ ಕೊಡುವುದೂ ಕಷ್ಟವಾಗಿತ್ತಂತೆ. ಆಮೇಲೆ ಅವನು ಕೇಳಿದ್ದು ಕಪ್ಪಕಾಣಿಕೆಯ ಸುದ್ದಿಯಲ್ಲ, ತಾನಸೇನ್ ಬಾದಶಹನ ಮುಂದೆ ನಿಂತು ಹಾಡುತ್ತಿದ್ದನೋ ಕೂತು ಹಾಡುತ್ತಿದ್ದನೋ ಎಂಬುದನ್ನು. ದರ್ಬಾರಿನಲ್ಲಿ ಹಗಲು ನಿಂತೇ ಹಾಡಬೇಕು, ರಾತ್ರಿ ಮತ್ತು ನೌರೋಜಿನಂಥ ಹಬ್ಬಗಳಲ್ಲಿ ಕೂರಲು ಅಪ್ಪಣೆ ಉಂಟು ಎಂದು ಅಸದ್ ಬೇಗ್ ಹೇಳಿದ. ಇಬ್ರಾಹಿಮನಿಗೆ ಅದು ರುಚಿಸಲಿಲ್ಲ. ಗಾಯಕರನ್ನು ಸಂತೋಷವಾಗಿಡಬೇಕು ಎಂಬುದು ಅವನ ಮಾತು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ ದೊರೆ ಬೇರೇನು ಹೇಳಿಯಾನು? (ಇದೇ ಅಸದ್ ಬೇಗ್ ವಿಜಯಪುರದಿಂದ ತಂಬಾಕು ಒಯ್ದು ಅಕ್ಬರನಿಗೆ ತೋರಿಸಿದವನು. ಅದು ಬೇರೆ ಕಥೆ.)

ಗಂಗೂಬಾಯಿ ಹಾನಗಲ್ಲರು ಸಣ್ಣವರಿದ್ದಾಗ ಬೆಳಗಾವ್ಯಾಗ ಗಾಂಧೀಜಿ ಮುಂದ ಹಾಡಿದ್ರು ಅಂತಾರ. ಖರೇ ಏನ್ರಿ?
– ಹೈಸ್ಕೂಲ್ ವಿದ್ಯಾರ್ಥಿನಿ, ಬೈಲಹೊಂಗಲ

ಖರೇ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಸ್ವಾಗತದ ಹಾಡಿಗೆ ಬಂದ ಹುಡುಗಿಯರಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಇದ್ದರು. ಆಗ ಅವರ ಮನಸ್ಸಿನಲ್ಲಿದ್ದದ್ದು ಗಾಂಧೀಜಿಯನ್ನು ಕಂಡ ಪುಳಕವೊಂದೇ ಅಲ್ಲ. ತಮ್ಮ ಕುಲದ ಕಾರಣಕ್ಕೆ ಊಟದ ನಂತರ ಎಲ್ಲರ ಎಂಜಲು ಎತ್ತಲು ಹಚ್ಚುತ್ತಾರೇನೋ ಎಂಬ ಅಂಜಿಕೆ ಇತ್ತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅದೇ ಅಧಿವೇಶನದಲ್ಲಿ ವೀಣೆ ಶೇಷಣ್ಣನವರ ವೀಣೆಯೂ ನುಡಿಯಿತು. ಆ ಜಾಗ ನೋಡಬೇಕೆಂದರೆ ಬೆಳಗಾವಿಯ ತಿಳಕವಾಡಿಗೆ ಹೋಗಿ. ಅಧಿವೇಶನಕ್ಕೆ ಬಂದವರ ನೀರಿಗೆಂದು ತೋಡಿಸಿದ ಕಾಂಗ್ರೆಸ್ ಬಾವಿ ಈಗಲೂ ಇದೆ, ಪಕ್ಕದಲ್ಲೇ ಅಧಿವೇಶನದ ಸ್ಮಾರಕ ವೀರಸೌಧ.

ಹೊರದೇಶದಾಗ ಪಾಪ್ ಗಾಯಕರು ಅಧ್ಯಕ್ಷರನ್ನ ಸೀದಾ ಹೋಗಿ ಕಾಣ್ತಾರಂತ. ನಮ್ಮಲ್ಲಿ ಯಾಕ ಇಷ್ಟು ತೊಡಕು?
– ಡಿಗ್ರಿ ವಿದ್ಯಾರ್ಥಿ, ಜಮಖಂಡಿ

ಸೀದಾ ಹೋದ ಪ್ರಸಿದ್ಧ ಉದಾಹರಣೆ ಒಂದಿದೆ. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ವಿಮಾನದಲ್ಲಿ ಕೂತು, ವಿಮಾನ ಕಂಪನಿಯದೇ ಕಾಗದದ ಮೇಲೆ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್‌ಗೆ ಆರು ಪುಟದ ಪತ್ರ ಗೀಚಿ, 1970ರ ಡಿಸೆಂಬರ್ 21ರ ಬೆಳಗಿನ ಜಾವ ಶ್ವೇತಭವನದ ಗೇಟಿನಲ್ಲಿ ತಾನೇ ಕೊಟ್ಟು ಹೋದ. ಮಾದಕ ವಸ್ತುಗಳ ವಿರುದ್ಧ ಸರ್ಕಾರಕ್ಕೆ ನೆರವಾಗುತ್ತೇನೆ, ನನ್ನನ್ನು ಸರ್ಕಾರದ ಏಜೆಂಟನನ್ನಾಗಿ ಮಾಡಿ ಎಂಬುದು ಒಕ್ಕಣೆ; ಮನಸ್ಸಿನಲ್ಲಿದ್ದದ್ದು ಮಾದಕ ವಸ್ತು ನಿಗ್ರಹ ಇಲಾಖೆಯ ಬ್ಯಾಡ್ಜು. ಅಂದೇ ಮಧ್ಯಾಹ್ನ ಭೇಟಿಯಾಯಿತು, ಬ್ಯಾಡ್ಜೂ ಸಿಕ್ಕಿತು. ನಿಕ್ಸನ್‌ಗೆ ಉಡುಗೊರೆಯಾಗಿ ತಂದಿದ್ದು ಕೋಲ್ಟ್ .45 ಪಿಸ್ತೂಲು! ಭದ್ರತೆಯವರು ಅದನ್ನು ಹೊರಗೇ ತೆಗೆದಿಟ್ಟುಕೊಂಡರು. ಭೇಟಿಯ ಸುದ್ದಿ ಒಂದು ವರ್ಷಕ್ಕೂ ಮೇಲೆ ಗುಟ್ಟಾಗಿತ್ತು, 1972ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂತು. ಗಮನಿಸಿ: ಪತ್ರವೊಂದು, ಬೇಡಿಕೆ ಒಂದು. ಅಥಣಿಯವರು ಓದಿಕೊಳ್ಳಲಿ.

ತೊಡಕು ಅಲ್ಲೂ ಇದೆ, ಭೇಟಿ ಬೇಡವೆಂದವರಿಗೆ ಇನ್ನೂ ಹೆಚ್ಚು. 1966ರ ಜುಲೈನಲ್ಲಿ ಇಂಗ್ಲೆಂಡಿನ ಹಾಡುಗಾರರ ಬೀಟಲ್ಸ್ ತಂಡ ಫಿಲಿಪೀನ್ಸ್‌ನ ಮನಿಲಾಕ್ಕೆ ಹೋದಾಗ ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೋಸ್ ಅರಮನೆಗೆ ಕರೆದಿದ್ದರು. ಇಂಥ ಸರ್ಕಾರಿ ಆಮಂತ್ರಣ ಒಪ್ಪುವ ರೂಢಿ ತಮ್ಮಲ್ಲಿಲ್ಲವೆಂದು ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ನಿರಾಕರಿಸಿದ್ದ. ಅರಮನೆಯಲ್ಲಿ ಮಾತ್ರ ಮಕ್ಕಳು ಸಾಲಾಗಿ ಕಾಯುತ್ತ ಕೂತಿದ್ದರು. ಟಿವಿಯಲ್ಲಿ ಖಾಲಿ ಖುರ್ಚಿಗಳನ್ನು ನೋಡಿ ಜನ ಸಿಟ್ಟಾದರು, ಪೊಲೀಸ್ ರಕ್ಷಣೆ ಹಿಂದೆ ಸರಿಯಿತು, ವಿಮಾನ ನಿಲ್ದಾಣದಲ್ಲಿ ತಂಡದವರು ನೂಕಾಟ ತಿನ್ನಬೇಕಾಯಿತು. ಬರುವುದಿಲ್ಲ ಎಂಬುದನ್ನು ನಡುವಿನವರ ಬಾಯಿಗೆ ಬಿಡದೆ, ಆಮಂತ್ರಣ ಬಂದ ದಿನವೇ, ಬರಹದಲ್ಲಿ, ಕರೆದವರ ಕಚೇರಿಗೇ ತಿಳಿಸಿ ಮರುಉತ್ತರ ತರಿಸಿಕೊಳ್ಳಬೇಕು. ನಮ್ಮೂರ ಉತ್ಸವಗಳಿಗೂ ಈ ಮಾತು ಸಲ್ಲುತ್ತದೆ.

ರಾಜ್ಯಪಾಲರ ಕಾರ್ಯಕ್ರಮದಾಗ ತಬಲಾದ ಸುತ್ತಿಗಿ ಕಸಕೊಂಡ್ರು. ಸುತ್ತಿಗಿ ಇಲ್ಲದ ಶ್ರುತಿ ಹ್ಯಾಂಗ ಮಾಡೂದ್ರಿ?
– ತಬಲಾ ವಾದಕ, ಬೆಳಗಾವಿ

ಮೆಟಲ್ ಡಿಟೆಕ್ಟರ್ ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್ಲಿಗೆ ಅದು ಸುತ್ತಿಗೆಯೇ. ಜಗಳ ಆಡಿ ಫಲವಿಲ್ಲ. ವಾದ್ಯ ಮತ್ತು ಸಾಮಾನಿನ ಪಟ್ಟಿಯನ್ನು ಸಂಘಟಕರ ಮೂಲಕ ಎರಡು ದಿನ ಮುಂಚೆ ಪೊಲೀಸರಿಗೆ ಕೊಡಿಸಿ: ತಬಲಾ, ದಗ್ಗಾ, ಸುತ್ತಿಗೆ, ತಂತಿ ಕತ್ತರಿಸುವ ಇಕ್ಕಳ, ಜವಾರಿಗೆ (ತಂಬೂರಿಯ ನಾದ ತಿದ್ದಲು) ಬೇಕಾದ ದಾರ, ಪೌಡರ್ ಡಬ್ಬಿ. ಡಬ್ಬಿ ಸೀಲ್ ಒಡೆಯದ್ದಿರಲಿ. ವಾದ್ಯಗಳು ಎರಡು ಮೂರು ತಾಸು ಮುಂಚೆ ಹೋಗಲಿ. ನಾಯಿದಳ ನೋಡಿ ಹೋದ ಮೇಲೆ ಅವು ಅಲ್ಲೇ ಉಳಿಯುತ್ತವೆ, ಮತ್ತೆ ಹೊರಗೆ ತರಬೇಡಿ. ತಂಬೂರಿ ಬ್ಯಾಗು ತಪಾಸಣೆ ಯಂತ್ರಕ್ಕೆ ಹಿಡಿಸುವುದಿಲ್ಲ, ಕೈಯಿಂದಲೇ ನೋಡಿರೆಂದು ಕೇಳಿಕೊಳ್ಳಿ. ಒತ್ತಾಯದಿಂದ ತುರುಕಿದರೆ ಕುಂಬಳದ ಬುರುಡೆ ಬಿರುಕು ಬಿಟ್ಟು, ತಂಬೂರಿ ಮಾಡುವವರ ಊರಾದ ಮೀರಜಿನ ದಾರಿ ಹಿಡಿಯಬೇಕಾದೀತು. ಹಾರ್ಮೋನಿಯಂ ಮುಚ್ಚಳವನ್ನು ನೀವೇ ತೆಗೆದು ತೋರಿಸಿ. ಸುತ್ತಿಗೆ ಒಳಗೆ ಬಿಡಲೇ ಇಲ್ಲವೆಂದರೆ ಹೊರಗೇ ಶ್ರುತಿ ಮಾಡಿಕೊಂಡು, ಅರ್ಧ ಸ್ವರ ಹೆಚ್ಚು ಕಡಿಮೆಯ ಇನ್ನೊಂದು ತಬಲಾ ಜೊತೆಗಿಟ್ಟುಕೊಳ್ಳುವುದೇ ದಾರಿ.

ಮಂತ್ರಿಗಳಿಗೆ ಏನು ಕೊಡೂದು? ಹಾರಾನೋ, ಕರದಂಟೋ?
– ಗೋಕಾಕ

ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟಿನಲ್ಲೇ ಆದೇಶವಾಗಿದೆ. ಎಷ್ಟು ಪಾಲನೆಯಾಗುತ್ತಿದೆ ಎಂಬುದು ನಿಮಗೂ ಗೊತ್ತು. ಭದ್ರತೆ ಬಿಗಿಯಿದ್ದಲ್ಲಿ ತಿನಿಸು ಒಳಗೆ ಹೋಗುವುದಿಲ್ಲ. ಕರದಂಟು ಭದ್ರತಾ ಸಿಬ್ಬಂದಿಯ ಕೋಣೆಯಲ್ಲೇ ಉಳಿದೀತು.

ಚುನಾವಣಿ ಬಂದಾಗ ನಮ್ಮ ಗೀಗೀ ಮೇಳಕ್ಕ ಅಭ್ಯರ್ಥಿಗಳು ಕರೀತಾರ. ಹೋದ್ರ ಏನಾರ ತೊಂದ್ರಿ ಐತೇನ್ರಿ?
– ಮೇಳದ ಮುಖಂಡ, ಗುಳೇದಗುಡ್ಡ

ಹಾಡಲು ಅಡ್ಡಿಯಿಲ್ಲ. ಲೆಕ್ಕ ಮತ್ತು ದಿನಾಂಕ ಎರಡನ್ನು ನೋಡಿಕೊಳ್ಳಬೇಕು. ನಿಮಗೆ ಕೊಡುವ ಸಂಭಾವನೆ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ನಮ್ಮ ರಾಜ್ಯದಲ್ಲಿ ಆ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಇಡೀ ಚುನಾವಣೆಯಲ್ಲಿ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಡುವಂತಿಲ್ಲ. ಹೆಚ್ಚಿದ್ದರೆ ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಆಗಬೇಕು, ಆದ್ದರಿಂದ ಮೇಳದ ಹೆಸರಲ್ಲಿ ಒಂದು ಖಾತೆ ಇರಲಿ. ಪ್ರಚಾರದ ಗಾಡಿಯಾದರೆ ಪರವಾನಗಿಯ ಮೂಲ ಪ್ರತಿ ಮುಂದಿನ ಗಾಜಿಗೆ ಅಂಟಿರಬೇಕು.

ದಿನಾಂಕದ ವಿಷಯ ಮೇಳದವರಿಗೆ ಗೊತ್ತಿರುವುದು ಕಡಿಮೆ. ಮತದಾನ ಮುಗಿಯುವ ಗಂಟೆಗೆ 48 ತಾಸು ಮುಂಚಿನಿಂದ ಬಹಿರಂಗ ಪ್ರಚಾರ ಬಂದ್. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮು ಸಭೆ ಮೆರವಣಿಗೆಯ ಜೊತೆಗೆ ಸಂಗೀತ ಕಛೇರಿ, ನಾಟಕ, ಮನರಂಜನೆ ಎಂದು ಬಿಡಿಸಿಯೇ ಹೇಳುತ್ತದೆ. ಅವುಗಳ ಮೂಲಕ ಚುನಾವಣೆಯ ವಿಷಯ ಜನಕ್ಕೆ ಮುಟ್ಟಿಸುವಂತಿಲ್ಲ. ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಆ ಎರಡು ದಿನದಲ್ಲಿ ‘ಗುಡಿಯಾಗ ಬರೀ ಭಜನಿ’ ಎಂದು ಕರೆದು ನಡುವೆ ಅಭ್ಯರ್ಥಿಯ ಹೆಸರು ಪೋಣಿಸಲು ಹೇಳುತ್ತಾರೆ. ಒಪ್ಪಬೇಡಿ. ಮೇಳದಲ್ಲಿ ಸರ್ಕಾರಿ ನೌಕರರಿದ್ದರೆ ಅವರು ಪ್ರಚಾರಕ್ಕೆ ಮೊದಲಿನಿಂದಲೇ ಬರುವಂತಿಲ್ಲ.

ನಮ್ಮ ಗುರುಗಳಿಗೆ ವಯಸ್ಸಾಗೇತಿ, ಹಾಸಿಗಿ ಹಿಡದಾರ. ಪ್ರಶಸ್ತಿ ಬಂದೇತಿ, ಬೆಂಗಳೂರಿಗೆ ಹೋಗೂದು ಆಗೂದಿಲ್ಲ.
– ಬಸವನ ಬಾಗೇವಾಡಿ

ಮನೆಗೇ ತಂದು ಕೊಡಿರೆಂದು ಕೇಳಲು ಸಂಕೋಚ ಬೇಡ. ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಆರೋಗ್ಯ ಸರಿಯಿರಲಿಲ್ಲ. 2009ರ ಫೆಬ್ರುವರಿಯಲ್ಲಿ ಪುಣೆಯ ಅವರ ಮನೆಯಲ್ಲೇ ಅದನ್ನು ಕೊಡಲಾಯಿತು. ವೈದ್ಯರ ಪತ್ರ ಲಗತ್ತಿಸಿ ಇಲಾಖೆಯ ನಿರ್ದೇಶಕರಿಗೆ ಬರೆಯಿರಿ, ಪ್ರತಿ ಜಿಲ್ಲಾಧಿಕಾರಿಗೆ. ಮನೆಗೆ ಬರುವ ದಿನ ಗುರುಗಳು ಔಷಧಿ ತೆಗೆದುಕೊಂಡು ಚೇತರಿಸಿಕೊಳ್ಳುವ ಹೊತ್ತನ್ನು ಗೊತ್ತು ಮಾಡಿ, ಕೋಣೆಯೊಳಗೆ ಆರು ಜನರಿಗಿಂತ ಹೆಚ್ಚು ಬೇಡವೆಂದು ಪತ್ರದಲ್ಲೇ ಬರೆದುಬಿಡಿ. ಕ್ಯಾಮೆರಾ ಒಂದು ಸಾಕು. ಶಾಲು ಹೊದಿಸುವವರಿಗೆ ಸಲೈನಿನ ಸೂಜಿ ಯಾವ ಕೈಯಲ್ಲಿದೆ ಎಂದು ಮೊದಲೇ ತೋರಿಸಿರಿ.